ಹೆಸರು ಮುಚ್ಚಿದ ಉತ್ತರಪತ್ರಿಕೆ

ಪರೀಕ್ಷೆಯ ದಿನಗಳು ಹತ್ತಿರವಾಗುತ್ತಿದ್ದಾಗ ಒಬ್ಬ ತಾಯಿ ಬಂದು ಕೇಳಿದರು: "ಫಾದರ್, ನಮಗೆ ದೊಡ್ಡವರ ಪರಿಚಯವಿಲ್ಲ. ನನ್ನ ಮಗ ಬರೆದದ್ದಕ್ಕೆ ತಕ್ಕ ಅಂಕ ಸಿಗುತ್ತದೆಯೇ?" "ತಿದ್ದುವವರಿಗೆ ನಿಮ್ಮ ಮಗನ ಹೆಸರೇ ಕಾಣುವುದಿಲ್ಲವಲ್ಲ" ಎಂದೆ. ಅವರಿಗೆ ಸಮಾಧಾನವಾಯಿತು. ಹೀಗೆ ಹೆಸರು ಮುಚ್ಚಿ ತಿದ್ದುವ ಕ್ರಮ ಸಾವಿರ ವರ್ಷಗಳ ಹಿಂದೆಯೇ ಚೀನಾ ದೇಶದಲ್ಲಿತ್ತು ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅಲ್ಲಿ ಸರಕಾರಿ ಅಧಿಕಾರಿಗಳನ್ನು ಪರೀಕ್ಷೆಯ ಮೂಲಕ ಆರಿಸುವ ಪದ್ಧತಿ ಬಹಳ ಹಳೆಯದು. ತಾಂಗ್ ವಂಶದ (618–907) ಕಾಲದಲ್ಲಿ ಅದು ಬೆಳೆಯಿತು. ಆದರೆ ಆಗ ವಶೀಲಿಗೂ ಜಾಗವಿತ್ತು. ಅಭ್ಯರ್ಥಿಗಳು ಪರೀಕ್ಷೆಗೆ ಮೊದಲೇ ತಮ್ಮ ಬರಹಗಳನ್ನು ಗಣ್ಯರ ಮನೆಗೆ ಮುಟ್ಟಿಸಿ ಹೆಸರು ಮಾಡಿಕೊಳ್ಳುತ್ತಿದ್ದರು. ಮುಂದೆ ಸಾಂಗ್ ವಂಶದ (960–1279) ಅರಸರು ಇದಕ್ಕೆ ಕಡಿವಾಣ ಹಾಕಿದರು. 992ರಲ್ಲಿ ಅರಮನೆಯ ಪರೀಕ್ಷೆಯಲ್ಲಿ ಅಭ್ಯರ್ಥಿಯ ಹೆಸರಿನ ಮೇಲೆ ಕಾಗದ ಅಂಟಿಸುವ ಕ್ರಮ ಬಂತು. ಹೆಸರು ಮುಚ್ಚಿದರೇನು, ಅಕ್ಷರದ ಗುರುತು ಸಿಗುವುದಿಲ್ಲವೇ? ಅದಕ್ಕೂ ಉಪಾಯ ಹುಡುಕಿದರು. 1015ರಿಂದ ಗುಮಾಸ್ತರು ಪ್ರತಿಯೊಂದು ಉತ್ತರವನ್ನೂ ನಕಲು ಮಾಡಿ, ಆ ನಕಲನ್ನೇ ಪರೀಕ್ಷಕರ ಕೈಗೆ ಕೊಡುತ್ತಿದ್ದರು.

ಈ ವ್ಯವಸ್ಥೆಯಲ್ಲಿ ಮೇಲೆ ಬಂದವರಲ್ಲಿ ಓಯಾಂಗ್ ಶ್ಯೂ ಒಬ್ಬರು. ಚಿಕ್ಕ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನ. ಕಾಗದ, ಕುಂಚಗಳಿಗೆ ಹಣವಿಲ್ಲದೆ ತಾಯಿ ಜೊಂಡಿನ ಕಡ್ಡಿಯಿಂದ ನೆಲದ ಮೇಲೆ ಗೀಚಿ ಮಗನಿಗೆ ಅಕ್ಷರ ಕಲಿಸಿದರಂತೆ. ಮರಳಿನಲ್ಲಿ ಅಕ್ಷರ ತಿದ್ದಿದ ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಅರ್ಥವಾದೀತು. ಆ ಹುಡುಗ 1030ರಲ್ಲಿ ಉನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮುಂದೆ ದೇಶದ ದೊಡ್ಡ ಸಾಹಿತಿಯಾದರು.

1057ರಲ್ಲಿ ರಾಜಧಾನಿ ಕೈಫೆಂಗ್‌ನಲ್ಲಿ ನಡೆದ ಪರೀಕ್ಷೆಗೆ ಅವರೇ ಮುಖ್ಯ ಪರೀಕ್ಷಕರು. ಶಿಕ್ಷೆ ಮತ್ತು ಬಹುಮಾನ ಕೊಡುವುದರಲ್ಲಿ ಇರಬೇಕಾದ ಔದಾರ್ಯ, ಇದು ಪ್ರಬಂಧದ ವಿಷಯ. ಒಂದು ಪ್ರಬಂಧ ಅವರ ಮನಸ್ಸನ್ನು ಸೆರೆಹಿಡಿಯಿತು. ಸಂಶಯವಿದ್ದಾಗ ಬಹುಮಾನವನ್ನು ಕೊಟ್ಟುಬಿಡಬೇಕು, ಶಿಕ್ಷೆಯನ್ನು ಬಿಟ್ಟುಬಿಡಬೇಕು ಎಂಬುದು ಅದರ ತಿರುಳು. ಮೊದಲ ಸ್ಥಾನ ಕೊಡಬೇಕೆಂದಿದ್ದವರಿಗೆ ಒಂದು ಅಳುಕು. ಇದು ತನ್ನ ಶಿಷ್ಯ ತ್ಸೆಂಗ್ ಗಾಂಗ್‌ನದೇ ಇರಬೇಕು, ಪಕ್ಷಪಾತವೆಂದು ಜನ ಆಡಿಕೊಂಡಾರು ಎಂದು ಅದನ್ನು ಎರಡನೆಯ ಸ್ಥಾನಕ್ಕೆ ಇಳಿಸಿದರಂತೆ. ಕೊನೆಗೆ ಹೆಸರು ತೆರೆದು ನೋಡಿದರೆ ಅದು ಸೂ ಶೀ ಎಂಬ ಇಪ್ಪತ್ತರ ತರುಣನದು! ದೂರದ ಸಿಚುವಾನ್‌ನಿಂದ ಬಂದವನು. ಚೀನಾದ ಮಹಾಕವಿಗಳಲ್ಲಿ ಒಬ್ಬನಾಗಿ ಇಂದಿಗೂ ಆತ ನೆನಪಿನಲ್ಲಿದ್ದಾನೆ. ನ್ಯಾಯವಾಗಿ ನಡೆಯಬೇಕೆಂದು ಹೊರಟವರೂ ಊಹೆಯನ್ನು ನಂಬಿ ಎಡವಿದರು, ನೋಡಿ.

ಈ ಪದ್ಧತಿಯಲ್ಲಿ ಎಲ್ಲವೂ ಸರಿಯಿತ್ತೆಂದು ಹೇಳಲಾಗದು. 1148 ಮತ್ತು 1256ರಲ್ಲಿ ತೇರ್ಗಡೆಯಾದವರ ಪಟ್ಟಿಗಳು ಉಳಿದಿವೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ತಂದೆ, ಅಜ್ಜ, ಮುತ್ತಜ್ಜ ಯಾರೂ ಅಧಿಕಾರಿಗಳಾಗಿರಲಿಲ್ಲ. ಆದರೂ ಅನೇಕರಿಗೆ ಜಮೀನು, ಸಿರಿವಂತ ನೆಂಟರು ಇದ್ದರೆಂದು ಇತಿಹಾಸಕಾರರು ತೋರಿಸಿದ್ದಾರೆ. ವರ್ಷಗಟ್ಟಲೆ ದುಡಿಯದೆ ಓದುತ್ತ ಕೂರುವುದು ಕೂಲಿಯವನ ಮಗನಿಗೆ ಎಲ್ಲಿ ಸಾಧ್ಯ? ಹೆಣ್ಣುಮಕ್ಕಳಿಗಂತೂ ಪ್ರವೇಶವೇ ಇರಲಿಲ್ಲ. ಮಗನಿಗೆ ಅಕ್ಷರ ಕಲಿಸಿದ ಆ ತಾಯಿಯೂ ಪರೀಕ್ಷೆಗೆ ಕೂರುವಂತಿರಲಿಲ್ಲ. ಈ ಪರೀಕ್ಷಾ ಪದ್ಧತಿ 1905ರಲ್ಲಿ ರದ್ದಾಗುವವರೆಗೂ ಅದು ಬದಲಾಗಲಿಲ್ಲ.

ಪ್ರಿಯ ತಂದೆತಾಯಿಗಳೇ, ಮಕ್ಕಳ ಉತ್ತರಪತ್ರಿಕೆಯ ಮೇಲೆ ಇಂದು ಹೆಸರಿಲ್ಲ ನಿಜ. ನಮ್ಮ ಮನೆಗಳಲ್ಲಿ ಹೇಗೆ? "ಇವನು ದಡ್ಡ, ಇವಳು ಹುಡುಗಿ, ಅವನು ಅಣ್ಣನ ಹಾಗಲ್ಲ" ಎಂದು ಮಗು ಒಂದಕ್ಷರ ಬರೆಯುವ ಮೊದಲೇ ನಾವು ಅಂಕ ಕೊಟ್ಟಿರುತ್ತೇವೆ. ಈ ಸಲ ಫಲಿತಾಂಶ ಬಂದಾಗ ಆ ಹಳೆಯ ಹಣೆಪಟ್ಟಿಯ ಮೇಲೊಂದು ಕಾಗದ ಅಂಟಿಸಿ, ಮಗು ಮಾಡಿದ ಕೆಲಸವನ್ನಷ್ಟೇ ನೋಡೋಣ. ಸಂಶಯವಿದ್ದರೆ ಸೂ ಶೀ ಹೇಳಿದಂತೆ ಬಹುಮಾನದ ಕಡೆಗೇ ವಾಲೋಣ. ನಮ್ಮ ಬೀದಿಯಲ್ಲಿ ಪರೀಕ್ಷೆಗೆ ಕೂರುವ ಮೊದಲೇ ಶಾಲೆ ಬಿಟ್ಟ ಮಗುವಿದ್ದರೆ, ಆ ಮನೆಯ ಬಾಗಿಲನ್ನೂ ಒಮ್ಮೆ ತಟ್ಟೋಣ.