ಬಿಷಪ್ ಕುರ್ಚಿ, ತಾತನ ಬೆಂಚು

ನಮ್ಮ ಟೀಮಿನ ಹುಡುಗನಿಗೆ ಮದುವೆ ನಿಶ್ಚಯವಾಯ್ತು. ಅವನ ಆಸೆ ಒಂದೇ, ಮದುವೆ ಕ್ಯಾಥೆಡ್ರಲ್‌ನಲ್ಲಿ ಆಗ್ಬೇಕು. ಬೆಂಗಳೂರಿನ ಸೇಂಟ್ ಮಾರ್ಕ್ಸ್, ಎಂ.ಜಿ. ರಸ್ತೆ ಪಕ್ಕ, ಫೋಟೋ ಚೆನ್ನಾಗಿ ಬರುತ್ತೆ, ಊಟಕ್ಕೆ ಹೋಟೆಲ್ ಹತ್ತಿರ. ಹುಡುಗಿ ಮನೆಯವರೂ ಓಕೆ ಅಂದ್ರು. ಅಡ್ಡ ಬಂದವರು ಕೆಜಿಎಫ್‌ನಲ್ಲಿರುವ ಅವನ ಅಜ್ಜಿ. "ನಮ್ಮ ಚರ್ಚ್ ಬಿಟ್ಟು ಬೇರೆ ಕಡೆ ಅಂದ್ರೆ ನಾನು ಬರಲ್ಲ" ಅಂದುಬಿಟ್ಟರಂತೆ.

"ಅಜ್ಜಿನ ಒಪ್ಪಿಸೋಕೆ ನೀನೂ ಬಾ ಮಗಾ, ನಿಂಗೆ ಆ ಕಡೆ ಭಾಷೆ ಗೊತ್ತು" ಅಂದ. ನಂದು ಚಿಂತಾಮಣಿ. ನಮ್ಮ ಮನೇಲಿ ಕನ್ನಡ, ಬೀದೀಲಿ ತೆಲುಗು. ಅವರ ಮನೇಲಿ ತಮಿಳು. ಹೇಗೋ ಆಗುತ್ತೆ ಅಂತ ಹೊರಟೆ.

ಇಲ್ಲೊಂದು ವಿಷಯ ಒಪ್ಕೋಬೇಕು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗೋವರೆಗೆ ನಾವು ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನವರೆಲ್ಲ ಕೋಲಾರ ಜಿಲ್ಲೆಯೋರೇ. ಶಾಲೇಲಿ "ನಮ್ಮ ಜಿಲ್ಲೆಯಲ್ಲಿ ಚಿನ್ನದ ಗಣಿ ಇದೆ" ಅಂತ ಎದೆ ಉಬ್ಬಿಸಿ ಬರೆದವನು ನಾನು. ಆದರೆ ಒಂದು ಸಲವೂ ಹೋಗಿರಲಿಲ್ಲ. ನಮ್ಮ ತಾತ ಮಾತ್ರ ಅವರೆಕಾಯಿ ಮೂಟೆ ತಗೊಂಡು ಹೋಗ್ತಿದ್ರು. ಸಂಬಳದ ವಾರ ಅಲ್ಲಿ ವ್ಯಾಪಾರ ಜೋರು ಅಂತಿದ್ರು, ಅಷ್ಟೇ. ಸಿನಿಮಾ ಬಂದ ಮೇಲೆ ನನಗೂ ಕೆಜಿಎಫ್ ಅಂದ್ರೆ ರಾಕಿ ಭಾಯ್ ಊರೇ ಆಗಿಬಿಟ್ಟಿತ್ತು.

ಶನಿವಾರ ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ರೈಲು ಹತ್ತಿದೆವು. ಗಣಿಗಾಗಿಯೇ 1894ರಲ್ಲಿ ಹಾಕಿದ ಲೈನ್ ಇದು. ಈಗ ಇದು ಚಿನ್ನ ಹೊರೋದಿಲ್ಲ, ಜನರನ್ನ ಹೊರುತ್ತೆ. ಬೆಳಗಿನ ಕತ್ತಲಲ್ಲೇ ಹೊರಟು ಬೆಂಗಳೂರಲ್ಲಿ ದುಡಿದು ರಾತ್ರಿ ವಾಪಸ್ ಬರೋರು. ನನ್ನ ಗೆಳೆಯನ ಅಪ್ಪ ವರ್ಷಗಟ್ಟಲೆ ಹೀಗೇ ಓಡಾಡಿದವರು.

ದಾರಿಯಲ್ಲಿ ಅವನಿಗೆ ಕೇಳಿದೆ, "ಅಲ್ಲಾ, ನಿಮ್ಮ ಊರಲ್ಲೂ ದೊಡ್ಡ ಚರ್ಚುಗಳಿವೆಯಲ್ಲ, ಅವು ಕ್ಯಾಥೆಡ್ರಲ್ ಅಲ್ವಾ?" ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಫೋನಲ್ಲಿ ಹುಡುಕಿದ್ವಿ. ದೊಡ್ಡ ಚರ್ಚಿಗೆಲ್ಲ ಕ್ಯಾಥೆಡ್ರಲ್ ಅನ್ನೋದಿಲ್ಲ. ಆ ಪದದ ಬೇರು ಗ್ರೀಕ್, ಅರ್ಥ ಕುರ್ಚಿ. ಬಿಷಪ್ಪರ ಪೀಠ ಎಲ್ಲಿದೆಯೋ ಅದೇ ಕ್ಯಾಥೆಡ್ರಲ್. ಚರ್ಚ್ ಆಫ್ ಸೌತ್ ಇಂಡಿಯಾದ ಕರ್ನಾಟಕ ಮಧ್ಯ ಡಯಾಸಿಸ್‌ಗೆ ಆ ಕುರ್ಚಿ ಇರೋದು ಸೇಂಟ್ ಮಾರ್ಕ್ಸ್‌ನಲ್ಲಿ. 1808ರಲ್ಲಿ ಕಂಟೋನ್ಮೆಂಟಿನ ಸೈನಿಕರಿಗಾಗಿ ಶುರುವಾದ ಚರ್ಚು. ಕಲ್ಕತ್ತಾದ ಬಿಷಪ್ ಬಂದು 1816ರಲ್ಲಿ ಪ್ರತಿಷ್ಠೆ ಮಾಡಿದರು. 1923ರಲ್ಲಿ ಬೆಂಕಿಗೆ ಆಹುತಿಯಾಗಿ, ಮತ್ತೆ ಕಟ್ಟಿ 1927ರಲ್ಲಿ ಬಾಗಿಲು ತೆಗೆದದ್ದು.

ಅದರ ಹತ್ತಿರದ ಲ್ಯಾವೆಲ್ ರೋಡಿನಲ್ಲಿ ನೀವೂ ಕಾಫಿ ಕುಡಿದಿರ್ತೀರಿ. ಆ ಲ್ಯಾವೆಲ್ಲೇ ಕೆಜಿಎಫ್ ಕಥೆಯ ಮೊದಲ ಪಾತ್ರ. ಮೈಕೇಲ್ ಲ್ಯಾವೆಲ್ ಐರ್ಲೆಂಡಿನ ನಿವೃತ್ತ ಸೈನಿಕ. ನ್ಯೂಜಿಲೆಂಡಿನ ಯುದ್ಧದಿಂದ ಬಂದು ಬೆಂಗಳೂರಲ್ಲಿ ನೆಲೆಸಿ, ಕೋಲಾರದ ಕಡೆ ಚಿನ್ನ ಇದೆ ಅನ್ನೋ ಹಳೇ ವರದಿ ಓದಿ, 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಆದರೆ ಅಗೆಯೋದಕ್ಕೆ ಬೇಕಾದ ದುಡ್ಡು ಅವನ ಹತ್ತಿರ ಇರಲಿಲ್ಲ. ಕೊನೆಗೆ 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಗಣಿ ಗಣಿಯಾಯ್ತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿಗೆ ಬಂದದ್ದು 1905ರಲ್ಲಿ, ನೆನಪಿರಲಿ.

ಗಣಿ ಜೊತೆಗೇ ದೇವರುಗಳೂ ಬಂದರು, ಅವರವರ ದರ್ಜೆ ನೋಡ್ಕೊಂಡು. ಇಂಗ್ಲಿಷ್ ಅಧಿಕಾರಿಗಳಿಗೆ ಸೇಂಟ್ ಮೈಕೇಲ್ ಅಂಡ್ ಆಲ್ ಏಂಜೆಲ್ಸ್ ಆಂಗ್ಲಿಕನ್ ಚರ್ಚು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ನುರಿತ ಗಣಿ ಕೆಲಸದವರಲ್ಲಿ ಮೆಥಡಿಸ್ಟರೇ ಹೆಚ್ಚು, ಅವರಿಗೆ ಅವರದೇ ಪ್ರಾರ್ಥನಾಲಯ. ಉತ್ತರ ಆರ್ಕಾಟಿನಿಂದ ಬಂದು ಸುರಂಗಕ್ಕೆ ಇಳಿದ ತಮಿಳು ಕಾರ್ಮಿಕರಿಗೆ ಲೈನ್ ಮನೆಗಳ ಹತ್ತಿರ ತಮಿಳು ಪ್ರಾರ್ಥನೆ. ಗಣಿಯೊಳಗೆ ಎಲ್ಲರೂ ಒಂದೇ ಬಂಡೆಯ ಕೆಳಗೆ, ಭಾನುವಾರ ಮಾತ್ರ ಬೇರೆ ಬೇರೆ ಸೂರು.

ಇನ್ನು ನಮ್ಮ ಚಿಕ್ಕಬಳ್ಳಾಪುರದ ಕಡೆ ಬಂದದ್ದು ಲಂಡನ್ ಮಿಷನ್. ಅವರಿಗೆ ಬಿಷಪ್ ಅನ್ನೋ ವ್ಯವಸ್ಥೆಯೇ ಇರಲಿಲ್ಲ. ಸಭೆಯ ಜನರೇ ಸೇರಿ ತೀರ್ಮಾನ ತಗೊಳ್ಳೋ ಪದ್ಧತಿ. ಅವರು ಕಟ್ಟಿದ ಆಸ್ಪತ್ರೆಯಲ್ಲೇ ನಾನು ಹುಟ್ಟಿದ್ದು. ನಮ್ಮ ಮನೆಯೋರು ಇವತ್ತಿಗೂ ಮಿಷನ್ ಆಸ್ಪತ್ರೆ ಅಂತಾರೆ, ಬೋರ್ಡಿನಲ್ಲಿ ಮಾತ್ರ ಸಿಎಸ್‌ಐ. ಹೆಸರು ಯಾಕೆ ಬದಲಾಯ್ತು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಉತ್ತರ ಅವತ್ತು ಗೊತ್ತಾಯ್ತು. 1947ರ ಸೆಪ್ಟೆಂಬರ್ 27, ಸ್ವಾತಂತ್ರ್ಯ ಬಂದು ಆರು ವಾರ. ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಬಿಷಪ್ ಇದ್ದ ಆಂಗ್ಲಿಕನ್ನರು, ಬಿಷಪ್ ಇಲ್ಲದ ಮೆಥಡಿಸ್ಟರು, ಲಂಡನ್ ಮಿಷನ್ನಿನ ಸಭೆಗಳೂ ಸೇರಿದ್ದ ದಕ್ಷಿಣ ಭಾರತ ಐಕ್ಯ ಸಭೆ, ಮೂರೂ ಒಂದಾದವು. ಇದು ಸಣ್ಣ ವಿಷಯ ಅಲ್ಲ. ಬಿಷಪ್ ಬೇಕೋ ಬೇಡವೋ ಅಂತ ಯೂರೋಪಿನಲ್ಲಿ ನೂರಾರು ವರ್ಷ ಜಗಳ ಆಡಿದವರು ಒಟ್ಟಾಗಿದ್ದು ನಮ್ಮ ಕಡೆ. ಹೀಗೆ ಗಣಿ ಸಾಹೇಬರ ಚರ್ಚೂ ಚಿಕ್ಕಬಳ್ಳಾಪುರದ ಆಸ್ಪತ್ರೆಯೂ ಒಂದೇ ಮನೆಯವಾದವು. ತಮಾಷೆ ಅಂದ್ರೆ, ಗಣಿ ಮಾತ್ರ ಇನ್ನೂ ಒಂಬತ್ತು ವರ್ಷ ಸಾಹೇಬರ ಕಂಪನಿ ಕೈಲೇ ಇತ್ತು. ಮೈಸೂರು ಸರ್ಕಾರ ಅದನ್ನ ತಗೊಂಡಿದ್ದು 1956ರಲ್ಲಿ.

ಅಜ್ಜಿ ಮನೆ ಅಂದ್ರೆ ಒಂದು ಲೈನ್ ಮನೆ. ಬಾಗಿಲಲ್ಲಿ ನಿಂತರೆ ಸೈನೈಡ್ ದಿಬ್ಬ ಕಾಣುತ್ತೆ, ಬೂದಿ ಬಣ್ಣದ ಗುಡ್ಡ. ಚಿನ್ನ ತೆಗೆದು ಉಳಿದ ಮಣ್ಣು. ಸುಮಾರು 800 ಟನ್ ಚಿನ್ನ ಹೋಯ್ತು, ದಿಬ್ಬ ಇಲ್ಲೇ ಉಳೀತು.

ಊಟ ಆಯ್ತು. ಗೆಳೆಯ ಮೆಲ್ಲಗೆ ಪೀಠಿಕೆ ಹಾಕಿದ. ಕಾರ್ ಕಳಿಸ್ತೀನಿ, ಎಸಿ ರೂಮು, ಎಲ್ಲರೂ ಬೆಂಗಳೂರಲ್ಲೇ ಇದ್ದಾರೆ. ನಾನೂ ನನ್ನ ಕೈಲಾದಷ್ಟು ಒಗ್ಗರಣೆ ಹಾಕಿದೆ. ಅಜ್ಜಿ ಎಲ್ಲ ಕೇಳಿ, ಬೇಜಾರಿಲ್ಲದೆ ಮಾತು ಶುರು ಮಾಡಿದರು.

ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗಿಂತ ಆಳದವರೆಗೆ ಜನ ಇಳೀತಿದ್ರು. ತಾತನೂ ಅಲ್ಲೇ. ಶಿಫ್ಟ್ ಸೈರನ್ ಕೇಳಿಯೇ ಒಲೆ ಹಚ್ಚೋದು, ಮಕ್ಕಳನ್ನ ಎಬ್ಬಿಸೋದು. ಹೊತ್ತಲ್ಲದ ಹೊತ್ತಲ್ಲಿ ಸೈರನ್ ಕೂಗಿದ್ರೆ ಬಂಡೆ ಸಿಡಿದಿದೆ ಅಂತ ಅರ್ಥ. ಹೆಂಗಸರೆಲ್ಲ ಕೈಲಿದ್ದದ್ದು ಬಿಟ್ಟು ಶಾಫ್ಟಿನ ಕಡೆ ಓಡೋರು. ತಾತ ಆ ಸಾವನ್ನ ತಪ್ಪಿಸ್ಕೊಂಡ್ರು, ಕೆಮ್ಮನ್ನ ತಪ್ಪಿಸ್ಕೊಳ್ಳೋಕೆ ಆಗಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸೈರನ್ ನಿಂತ ಮೇಲೂ ಎಷ್ಟೋ ತಿಂಗಳು ಅದೇ ಹೊತ್ತಿಗೆ ಎಚ್ಚರ ಆಗ್ತಿತ್ತಂತೆ. "ಆಮೇಲೆ ಹೊತ್ತು ಹೇಳೋಕೆ ಉಳಿದದ್ದು ಭಾನುವಾರದ ಗಂಟೆ ಒಂದೇ" ಅಂದ್ರು.

ಗೆಳೆಯ ಬಿಡಲಿಲ್ಲ. "ಪಾಟಿ, ಅದು ಕ್ಯಾಥೆಡ್ರಲ್, ಅಲ್ಲಿ ಬಿಷಪ್ ಕುರ್ಚಿ ಇದೆ."

"ಇರಲಿ ಕಣ್ಣಾ. ಇಲ್ಲಿ ನಿಮ್ಮ ತಾತನ ಬೆಂಚಿದೆ."

ಅವನು ನನ್ನ ಮುಖ ನೋಡಿದ. ನಾನು ಸೈನೈಡ್ ದಿಬ್ಬ ನೋಡಿದೆ.

ಸಂಜೆ ಚರ್ಚಿಗೆ ಹೋದ್ವಿ. ಸಣ್ಣದು, ಸುಣ್ಣ ಕಾಣದೆ ಕೆಲವು ವರ್ಷ ಆಗಿರಬೇಕು. ಎಡಗಡೆ ಮೂರನೇ ಬೆಂಚು. ತುದಿಯ ಮರ ನುಣುಪಾಗಿತ್ತು, ಕೈ ಇಟ್ಟು ಇಟ್ಟು ಸವೆದದ್ದು. ಗೆಳೆಯ ಕೂತ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನ್ ತೆಗೆದು ಹುಡುಗಿಗೆ ಕಾಲ್ ಮಾಡೋಕೆ ಹೊರಗೆ ಹೋದ. ನಾನು ಒಳಗೇ ಬೆಂಚು ಎಣಿಸ್ತಾ ಕೂತೆ. ಬೆಂಗಳೂರಿನಿಂದ ಎರಡು ಬಸ್ಸು ಬಂದರೂ ಜಾಗ ಸಾಲುತ್ತೆ.

ಮದುವೆ ಜನವರಿಯಲ್ಲಿ. ನಮ್ಮಮ್ಮ ಅವರೆಕಾಯಿ ಕಳಿಸ್ತಾರಂತೆ, ಒಂದು ಮೂಟೆ.