ಹಳೇ ಕಾರಿನ ಡೋರ್ ರಬ್ಬರ್‌ಗೆ ಎಣ್ಣೆ ಹಚ್ಚಿದರೆ ಹೊಸದಾಗುತ್ತಾ?

‘ಕಾರಿನ ಬಾಗಿಲ ರಬ್ಬರ್ ಗಟ್ಟಿಯಾಗಿದೆಯೇ? ರಾತ್ರಿ ತೆಂಗಿನೆಣ್ಣೆ ಅಥವಾ ವ್ಯಾಸಲೀನ್ ಹಚ್ಚಿ ಬಿಡಿ, ಬೆಳಿಗ್ಗೆ ಹೊಸದರಂತೆ ಮೆತ್ತಗಾಗಿರುತ್ತದೆ.’ ಈ ಧಾಟಿಯ ಸಲಹೆಗಳನ್ನು ನೀವೂ ಕೇಳಿರಬಹುದು. ಮೈಸೂರಿನ ವಿಜಯನಗರದಂಥ ಬಡಾವಣೆಯಲ್ಲಿ ಕಾಂಪೌಂಡ್ ಒಳಗೆ ಕವರ್ ಹೊದ್ದು ನಿಂತ ಅಂಬಾಸಿಡರ್, ಪದ್ಮಿನಿ ಅಲ್ಲೊಂದು ಇಲ್ಲೊಂದು ಇದ್ದೇ ಇರುತ್ತವೆ. ಅಪ್ಪನ ಕಾಲದ ಗಾಡಿ ಎಂದು ಪ್ರೀತಿಯಿಂದ ಉಳಿಸಿಕೊಂಡವರಿಗೆ ಇಂಥ ಸಲಹೆ ನಿಜವಾಗಿಯೂ ನಷ್ಟ ತರುತ್ತದೆ.

ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಅಂದರೆ ಕೊನೆಯ ಗಾಡಿಯ ಮೂಲ ರಬ್ಬರ್‌ಗೂ ಹತ್ತು ವರ್ಷ ದಾಟಿದೆ.

ರಬ್ಬರ್ ಯಾಕೆ ಗಟ್ಟಿಯಾಗುತ್ತದೆ? ಅದರೊಳಗಿನ ಉದ್ದುದ್ದ ಅಣುಸರಪಳಿಗಳನ್ನು ಗಂಧಕದಿಂದ ಅಲ್ಲಲ್ಲಿ ಬೆಸೆದಿರುತ್ತಾರೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ವಿಧಾನವಿದು. ಬಿಸಿಲು, ಶಾಖ, ಗಾಳಿಯ ಆಮ್ಲಜನಕ ವರ್ಷಗಟ್ಟಲೆ ತಾಗಿದಾಗ ಹೊಸ ಬೆಸುಗೆಗಳು ಹೆಚ್ಚುತ್ತಾ ಹೋಗಿ ರಬ್ಬರ್ ಬಿಗಿಯಾಗುತ್ತದೆ. ಹಿಗ್ಗಿಸಿ ಕೂರಿಸಿದ ಮೂಲೆಗಳಲ್ಲಿ ಓಝೋನ್ ಸೇರಿ ಬಿರುಕು ಬಿಡಿಸುತ್ತದೆ. ರೊಟ್ಟಿಯಾದ ಮೇಲೆ ನೀರು ಚಿಮುಕಿಸಿ ಮತ್ತೆ ಹಿಟ್ಟು ಮಾಡಲಾಗದು, ಇದೂ ಹಾಗೆಯೇ.

ಎಣ್ಣೆ ಹಚ್ಚಿದರೆ ಹೊಳೆಯುತ್ತದೆ, ನಿಜ. ಸ್ವಲ್ಪ ಮೆತ್ತಗೂ ಅನಿಸಬಹುದು. ಅದು ರಿಪೇರಿಯಲ್ಲ, ರಬ್ಬರ್ ಎಣ್ಣೆ ಕುಡಿದು ಊದಿಕೊಳ್ಳುತ್ತಿರುವ ಲಕ್ಷಣ. ಸಹಜ ರಬ್ಬರ್‌ಗೆ ಅಡುಗೆ ಎಣ್ಣೆಯೂ ಆಗದು. ವ್ಯಾಸಲೀನ್, ಗ್ರೀಸ್, ಡೀಸೆಲ್, ಹಳೇ ಎಂಜಿನ್ ಆಯಿಲ್ ಪೆಟ್ರೋಲಿಯಂ ಮೂಲದವು, ಈಗಿನ ಕಾರುಗಳ ಇಪಿಡಿಎಂ ರಬ್ಬರನ್ನೂ ಕೆಡಿಸುತ್ತವೆ. ಜೊತೆಗೆ ಧೂಳು ಅಂಟಿ ಪೇಂಟ್ ಉಜ್ಜಿಹೋಗುತ್ತದೆ.

‘ಒಂದಿಷ್ಟು ನೀರು ಒಳಬಂದರೆ ಏನಂತೆ’ ಎನ್ನುವವರೂ ಇದ್ದಾರೆ. ಮ್ಯಾಟ್ ಕೆಳಗೆ ನಿಂತ ನೀರು ಫ್ಲೋರನ್ನು ಸದ್ದಿಲ್ಲದೆ ತುಕ್ಕು ತಿನ್ನಿಸುತ್ತದೆ. ಅದಕ್ಕಿಂತ ಗಂಭೀರವಾದದ್ದು ಡಿಕ್ಕಿಯ ರಬ್ಬರ್. ಅದು ಸವೆದಿದ್ದರೆ, ಓಡುವ ಕಾರಿನ ಹಿಂದೆ ಸುಳಿಯುವ ಸೈಲೆನ್ಸರ್ ಹೊಗೆ ಒಳಕ್ಕೆ ಸೆಳೆಯಲ್ಪಡಬಹುದು. ಕಾರ್ಬ್ಯುರೇಟರ್ ಕಾಲದ ಪೆಟ್ರೋಲ್ ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚು, ಆ ಅನಿಲಕ್ಕೆ ವಾಸನೆಯಿಲ್ಲ. ಹಳೇ ಕಾರಿನಲ್ಲಿ ಕೂತಾಗಲೆಲ್ಲ ತಲೆನೋವು, ವಾಕರಿಕೆ ಬರುತ್ತಿದ್ದರೆ ತಕ್ಷಣ ಗಾಡಿ ನಿಲ್ಲಿಸಿ ಇಳಿಯಿರಿ. ಸೈಲೆನ್ಸರ್, ಡಿಕ್ಕಿ ರಬ್ಬರ್ ಎರಡನ್ನೂ ಪರೀಕ್ಷಿಸುವವರೆಗೆ ಓಡಿಸಬೇಡಿ.

ರಬ್ಬರ್ ಹೋಗಿದೆಯೇ ಎಂದು ತಿಳಿಯಲು ಒಂದು ಕಾಗದದ ಪಟ್ಟಿ ಸಾಕು. ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ಒತ್ತಡವಿಲ್ಲ. ಆದರೆ ಬಾಗಿಲ ಹಿಂಜ್ ಇಳಿದಿದ್ದರೂ ಹೀಗೇ ಆಗುತ್ತದೆ, ಅದನ್ನು ಮೊದಲು ನೋಡಿ.

ಬದಲಿಸುವಾಗ ಅಂಗಡಿಗೆ ಹಳೇ ತುಂಡೊಂದನ್ನು ಒಯ್ಯಿರಿ. ‘ಡೋರ್ ಬೀಡಿಂಗ್’ ಎಂದಷ್ಟೇ ಕೇಳಿದರೆ ಯಾವುದೋ ಆಕಾರದ್ದು ಸಿಗುತ್ತದೆ. ಹಳೇ ಗಮ್ ಪೂರ್ತಿ ಕೆರೆದು, ತುಕ್ಕಿದ್ದರೆ ಉಜ್ಜಿ, ಪ್ರೈಮರ್ ಹೊಡೆದು ಒಣಗಿದ ಮೇಲೇ ಹೊಸದು. ಇಲ್ಲದಿದ್ದರೆ ತುಕ್ಕಿಗೆ ನೀವೇ ಹೊದಿಕೆ ಹಾಕಿದಂತೆ. ಹೆಚ್ಚಿನವರು ತಪ್ಪುವುದು ಎಳೆಯುವುದರಲ್ಲಿ: ಉದ್ದ ಸಾಲದೆಂದು ಹಿಗ್ಗಿಸಿ ಅಂಟಿಸಿದರೆ ಕೆಲವೇ ದಿನಗಳಲ್ಲಿ ಕುಗ್ಗಿ ಮೂಲೆ ಬಿಟ್ಟುಕೊಳ್ಳುತ್ತದೆ. ಫೆವಿಕ್ವಿಕ್ ಕೂಡ ಬೇಡ, ಅದು ಒಣಗಿ ಗಾಜಿನಂತೆ ಬಿರುಸಾಗುತ್ತದೆ. ರಬ್ಬರ್ ಸಲ್ಯೂಷನ್ ಎರಡೂ ಕಡೆ ಸವರಿ, ಕೈಗೆ ಅಂಟಂಟಾದಾಗ ಒತ್ತಿ. ಮೊದಮೊದಲು ಬಾಗಿಲು ಗಟ್ಟಿಯಾಗಿ ಹಾಕಿಕೊಳ್ಳುವುದು ಸಹಜ.

ಆಮೇಲೆ ನಿಗಾ ಸುಲಭ. ಶ್ಯಾಂಪೂ ಬೆರೆಸಿದ ನೀರಿನಲ್ಲಿ ಒರೆಸಿ, ಒಣಗಿಸಿ, ಕೆಲವು ತಿಂಗಳಿಗೊಮ್ಮೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರಾಯಿತು. ಅದು ಹೊಸ ರಬ್ಬರ್‌ನ ಆಯಸ್ಸು ಹೆಚ್ಚಿಸುತ್ತದೆ, ಸತ್ತದ್ದಕ್ಕೆ ಜೀವ ಕೊಡದು. ಹಾಗೆಯೇ ಬಾಗಿಲ ತಳದಲ್ಲಿರುವ ಸಣ್ಣ ತೂತುಗಳನ್ನು ಸೋರಿಕೆ ಎಂದು ತಿಳಿದು ಮುಚ್ಚಬೇಡಿ. ಗ್ಲಾಸ್ ಪಕ್ಕದಿಂದ ಬಾಗಿಲೊಳಗೆ ಇಳಿದ ಮಳೆನೀರು ಹೊರಹೋಗುವುದು ಅಲ್ಲಿಂದಲೇ.