ಊರಿನ ಕೀರ್ತಿ, ಹೊರನಾಡಿನ ಅನ್ನ

ಹೊಟ್ಟೆಯ ಪಾಡಿಗಾಗಿ ಹೊರನಾಡನ್ನು ಸೇರುವುದು ಬಡದೇಶದವರ ಹಣೆಬರಹವೆಂದು ಅನೇಕರ ಭಾವನೆ. 2025ರಲ್ಲಿ ನಿವೃತ್ತರಾದ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಡಯಾನಾ ಟೌರಾಸಿಯವರ ವೃತ್ತಿಜೀವನವು ಈ ಭಾವನೆಯನ್ನು ಅಲ್ಲಗಳೆಯುತ್ತದೆ.

ಅರ್ಜೆಂಟೀನದಿಂದ ವಲಸೆ ಬಂದ ದಂಪತಿಗಳ ಮಗಳಾದ ಈಕೆ 2004ರಿಂದ 2024ರ ವರೆಗೆ ಸ್ವದೇಶಕ್ಕಾಗಿ ಆರು ಒಲಿಂಪಿಕ್ ಸ್ವರ್ಣಪದಕಗಳನ್ನು ಗೆದ್ದವರು. ಆದರೂ ಫೀನಿಕ್ಸ್ ತಂಡದಲ್ಲಿ ದೊರೆಯುತ್ತಿದ್ದ ವಾರ್ಷಿಕ ವೇತನ ಸುಮಾರು 1,07,000 ಡಾಲರು. ರಷ್ಯದ ಎಕಟೆರಿನ್‌ಬರ್ಗ್ ತಂಡ ಕೊಟ್ಟುದು ಸುಮಾರು 15 ಲಕ್ಷ. ಬೇಸಗೆಯಲ್ಲಿ ತವರಿನ ಆಟ, ಚಳಿಗಾಲದಲ್ಲಿ ಪರದೇಶದ ಆಟ, ದೇಹಕ್ಕೆ ಬಿಡುವೆಂಬುದಿಲ್ಲ. 2015ರಲ್ಲಿ ತವರಿನ ಪಂದ್ಯಗಳನ್ನು ಬಿಟ್ಟು ವಿಶ್ರಮಿಸುವಂತೆ ರಷ್ಯದ ತಂಡವು ಕೋರಿತು, ಈಕೆ ಒಪ್ಪಿದರು.

ಇದನ್ನು ದೇಶಾಭಿಮಾನದ ಕೊರತೆಯೆಂದು ದೂರುವುದು ಸುಲಭ. ಆದರೆ ಊರಿನ ಗದ್ದೆ ಹೊಟ್ಟೆ ತುಂಬಿಸದೆ ಹೋಟೆಲಿನ ಒಲೆಯ ಮುಂದೆಯೋ ಕಚೇರಿಯ ಕಡತಗಳ ನಡುವೆಯೋ ದುಡಿಯುವ ನಮ್ಮ ವಾಚಕರು ಹಾಗೆ ದೂರಲಾರರು. ಆಕೆಯ ಡಾಲರಿಗೂ ನಮ್ಮವರ ಪಗಾರಕ್ಕೂ ಹೋಲಿಕೆಯಿಲ್ಲ, ನಿಜ; ದುಡಿಮೆಗೆ ತಕ್ಕ ಬೆಲೆಯೆಂಬ ನ್ಯಾಯ ಮಾತ್ರ ಒಂದೇ.

ಹೊರನಾಡಿನ ಗಳಿಕೆಯೂ ಶಾಶ್ವತವಲ್ಲ. 2022ರಲ್ಲಿ ಯುಕ್ರೇನ್ ಯುದ್ಧ ಹೊತ್ತಿಕೊಂಡಾಗ ಅಮೆರಿಕದ ಆಟಗಾರ್ತಿಯರು ರಷ್ಯವನ್ನು ತೊರೆಯಬೇಕಾಯಿತು. ತವರಿನ ವೇತನವಾದರೂ ಏರಿದುದು ಯಜಮಾನರ ಕರುಣೆಯಿಂದಲ್ಲ. ಆಟಗಾರ್ತಿಯರ ಸಂಘವು ಒಗ್ಗಟ್ಟಿನಿಂದ ಕೇಳಿ ಪಡೆದ 2020ರ ಒಪ್ಪಂದವು ಗರಿಷ್ಠ ವೇತನವನ್ನು ಸುಮಾರು 2,15,000 ಡಾಲರಿಗೆ ಮುಟ್ಟಿಸಿತು.

ಊರಿನ ಅಭಿಮಾನವನ್ನು ಬೋಧಿಸುವವರು ಮೊದಲು ಊರಿನ ಕೂಲಿಯನ್ನು ನೇರ್ಪಡಿಸಲಿ.